ಬೆಳ್ಳಿ ನಾಣ್ಯದ ಮೇಲೆ ಹದ್ದು: ಕೊಳ್ಳುವ ಮುನ್ನ ಕೇಳಬೇಕಾದ ಮೂರು ಪ್ರಶ್ನೆ

ರೆಕ್ಕೆ ಬಿಚ್ಚಿದ ಹದ್ದು ಬೆಳ್ಳಿಯ ಮೇಲೆ ಎಷ್ಟು ಚೆಂದ ಕಾಣುತ್ತದೆಂದರೆ, ನೋಡಿದವರ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಮಾರುವವರಿಗೂ ಅದು ಗೊತ್ತು. ಹಾಗಾಗಿಯೇ ಹದ್ದು, ಗಿಡುಗ, ಗೂಬೆಯಂಥ ಬೇಟೆಹಕ್ಕಿಗಳನ್ನು ಹೊತ್ತ ಬೆಳ್ಳಿ ನಾಣ್ಯಗಳು ವರ್ಷ ವರ್ಷವೂ ಹೊಸ ಹೊಸ ಹೆಸರಿನಲ್ಲಿ ಬರುತ್ತಿವೆ. ಇವುಗಳಲ್ಲಿ ಸರಕಾರವೊಂದು ಕಾನೂನು ಮಾಡಿ ಹೊರಡಿಸಿದ ಸ್ಮರಣಾರ್ಥ ನಾಣ್ಯಗಳಿವೆ, ಬೆಳ್ಳಿಯನ್ನು ತೂಕಕ್ಕೆ ಮಾರಲೆಂದೇ ಅಚ್ಚು ಹಾಕಿದ ಬುಲಿಯನ್ ನಾಣ್ಯಗಳಿವೆ, ಯಾವ ಸರಕಾರದ ಹಂಗೂ ಇಲ್ಲದ ಖಾಸಗಿ ಬಿಲ್ಲೆಗಳೂ ಇವೆ. ಮೂರರ ಮೇಲೂ ಹದ್ದು ಒಂದೇ ಠೀವಿಯಲ್ಲಿ ಕೂತಿರುತ್ತದೆ. ಹೊಸದಾಗಿ ಸಂಗ್ರಹಕ್ಕೆ ತೊಡಗಿದವರು ಎಡವುವುದು ಇಲ್ಲೇ. ಹಕ್ಕಿಯ ಅಂದ ನೋಡಿ ಕೊಂಡವರು ಬಹುಪಾಲು ದುಬಾರಿ ಬೆಲೆಗೆ ಬೆಳ್ಳಿ ಕೊಂಡಿರುತ್ತಾರೆ. ಹಕ್ಕಿ ಆ ನಾಣ್ಯದ ಮೇಲೆ ಯಾಕೆ ಬಂತು ಎಂದು ಕೇಳಿ ಕೊಂಡವರು ಇತಿಹಾಸದ ಒಂದು ತುಣುಕನ್ನು ಕೊಂಡಿರುತ್ತಾರೆ. ಆ ಕಾರಣವನ್ನು ಪತ್ತೆ ಮಾಡಲು ಮೂರು ಪ್ರಶ್ನೆ ಸಾಕು: ಬೆಳ್ಳಿ ಎಷ್ಟು, ಯಾರು ಯಾತಕ್ಕೆ ಹೊರಡಿಸಿದರು, ಮತ್ತು ಇದು ನಿಜಕ್ಕೂ ಯಾವ ಹಕ್ಕಿ.

ಮೊದಲ ಪ್ರಶ್ನೆ: ಬೆಳ್ಳಿ ಎಷ್ಟು?

ಅಮೆರಿಕದ ಮೂರು ಡಾಲರ್ ನಾಣ್ಯಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಮೊದಲನೇ ಮಹಾಯುದ್ಧದ ನಂತರದ ಶಾಂತಿಯ ನೆನಪಿಗೆ 1921ರಲ್ಲಿ ಬಂದ 'ಪೀಸ್ ಡಾಲರ್' ಒಂದು. ಅಧ್ಯಕ್ಷ ಐಸೆನ್‌ಹೋವರ್ ಮುಖವಿರುವ, 1971ರಲ್ಲಿ ಶುರುವಾದ ಡಾಲರ್ ಇನ್ನೊಂದು. ಅದರ ಹಿಂಬದಿಯಲ್ಲಿ ಆಲಿವ್ ಕೊಂಬೆ ಹಿಡಿದು ಚಂದ್ರನ ಮೇಲೆ ಇಳಿಯುತ್ತಿರುವ ಹದ್ದಿದೆ, ಅದು ಅಪೊಲೊ 11ರ ಲಾಂಛನದಿಂದ ಬಂದ ಚಿತ್ರ. ಮೂರನೆಯದು 2008ರ 'ಬಾಲ್ಡ್ ಈಗಲ್' ಸ್ಮರಣಾರ್ಥ ಡಾಲರ್. ಮೂರರ ಅಗಲವೂ 38.1 ಮಿಲಿಮೀಟರ್, ಮೂರರ ಮುಖಬೆಲೆಯೂ 1 ಡಾಲರ್, ಮೂರರಲ್ಲೂ ಹದ್ದು. ಆದರೆ 1921 ಮತ್ತು 2008ರ ನಾಣ್ಯಗಳು 26.73 ಗ್ರಾಂ ತೂಗುತ್ತವೆ, ಅದರಲ್ಲಿ 90% ಬೆಳ್ಳಿ. ಅಂದರೆ ಒಂದೊಂದರಲ್ಲೂ ಸುಮಾರು 24 ಗ್ರಾಂ ಶುದ್ಧ ಬೆಳ್ಳಿ. ಐಸೆನ್‌ಹೋವರ್ ಡಾಲರಿನ ಸಂಗ್ರಾಹಕರ ಆವೃತ್ತಿ 24.59 ಗ್ರಾಂ ತೂಗಿದರೂ ಅದರಲ್ಲಿ ಬೆಳ್ಳಿ 40% ಮಾತ್ರ; ಲೆಕ್ಕ ಹಾಕಿದರೆ 10 ಗ್ರಾಂ ಕೂಡ ಆಗುವುದಿಲ್ಲ. ಜನಬಳಕೆಗೆ ಬಿಟ್ಟ ಅದೇ ಚಿತ್ರದ ಡಾಲರ್ ತಾಮ್ರ ಮತ್ತು ನಿಕ್ಕಲ್‌ನದು, 22.68 ಗ್ರಾಂ, ಬೆಳ್ಳಿ ಒಂದು ಚೂರೂ ಇಲ್ಲ. ಬೆಳ್ಳಿಯವು ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯಲ್ಲಿ 'ಎಸ್' ಗುರುತಿನೊಂದಿಗೆ ಅಚ್ಚಾದವು ನಿಜ. ಆದರೆ 1973 ಮತ್ತು 1974ರಲ್ಲಿ ಅದೇ ಗುರುತಿನಲ್ಲಿ ಬೆಳ್ಳಿಯಿಲ್ಲದ ಪ್ರೂಫ್ ನಾಣ್ಯಗಳೂ (ಸಂಗ್ರಾಹಕರಿಗೆಂದೇ ಕನ್ನಡಿ ಹೊಳಪಿನಲ್ಲಿ ಅಚ್ಚು ಹಾಕಿದವು) ಬಂದಿವೆ. ಹಾಗಾಗಿ ಗುರುತನ್ನಷ್ಟೇ ನಂಬಿದರೆ ಸಾಲದು, ತಕ್ಕಡಿಗೆ ಹಾಕಿ ನೋಡಬೇಕು.

ನಮ್ಮ ಓದುಗರಿಗೆ ಈ ಲೆಕ್ಕ ಇನ್ನೊಂದು ಕಾರಣಕ್ಕೂ ಬೇಕು. ಭಾರತ ಸರಕಾರದ ದೊಡ್ಡ ಮುಖಬೆಲೆಯ ಸ್ಮರಣಾರ್ಥ ನಾಣ್ಯಗಳನ್ನು ನಾವು ವಾಡಿಕೆಯಲ್ಲಿ 'ಬೆಳ್ಳಿ ನಾಣ್ಯ' ಎಂದೇ ಕರೆಯುತ್ತೇವೆ. 2023ರಲ್ಲಿ ಹೊಸ ಸಂಸತ್ ಭವನದ ಉದ್ಘಾಟನೆಗೆ ಬಂದ 75 ರೂಪಾಯಿ ನಾಣ್ಯವನ್ನೇ ತೆಗೆದುಕೊಳ್ಳಿ: 44 ಮಿಲಿಮೀಟರ್ ಅಗಲ, 35 ಗ್ರಾಂ ತೂಕ; ಅದರಲ್ಲಿ ಬೆಳ್ಳಿ 50%, ತಾಮ್ರ 40%, ನಿಕ್ಕಲ್ ಮತ್ತು ಸತು ತಲಾ 5%. ಅಂದರೆ ಬೆಳ್ಳಿ ಹದಿನೇಳೂವರೆ ಗ್ರಾಂ. ಇದರಲ್ಲಿ ಮೋಸವೇನೂ ಇಲ್ಲ, ಅಧಿಸೂಚನೆಯಲ್ಲೇ ಹೇಳಿರುತ್ತಾರೆ. ಆದರೆ 'ಬೆಳ್ಳಿ' ಎಂಬ ಒಂದೇ ಮಾತಿನಲ್ಲಿ 40ರಿಂದ 99.99 ಪ್ರತಿಶತದವರೆಗೆ ಎಲ್ಲವೂ ಅಡಗುತ್ತವೆ ಎಂಬುದು ನೆನಪಿರಲಿ. ನಾಣ್ಯದ ಒಟ್ಟು ತೂಕವನ್ನು ಶುದ್ಧತೆಯಿಂದ ಗುಣಿಸಿ, ಆ ದಿನದ ಬೆಳ್ಳಿ ದರ ಹಾಕಿ ನೋಡಿ. ಬಂದ ಮೊತ್ತ ನಾಣ್ಯದ ನೆಲಗಟ್ಟು. ಅದರ ಮೇಲೆ ಮಾರುವವರು ಕೇಳುವ ಪ್ರತಿ ರೂಪಾಯಿಗೂ ಅವರು ಕಾರಣ ಹೇಳಬೇಕು. ಆ ಕಾರಣವನ್ನು ತೂಗುವುದೇ ಎರಡನೇ ಪ್ರಶ್ನೆ.

ಎರಡನೇ ಪ್ರಶ್ನೆ: ಯಾರು, ಯಾತಕ್ಕೆ?

ಕೆನಡಾದ ಟಂಕಸಾಲೆ 2014 ಮತ್ತು 2015ರಲ್ಲಿ 'ಬೇಟೆಹಕ್ಕಿಗಳು' ಎಂಬ ಹೆಸರಿನಲ್ಲೇ ನಾಲ್ಕು ನಾಣ್ಯಗಳನ್ನು ತಂದಿತು: ಪೆರಿಗ್ರೀನ್ ಫಾಲ್ಕನ್, ಬಾಲ್ಡ್ ಈಗಲ್, ಕೆಂಪುಬಾಲದ ಹಾಕ್ ಮತ್ತು ಕೊಂಬಿನ ಗೂಬೆ. ಒಂದೊಂದೂ 1 ಟ್ರಾಯ್ ಔನ್ಸ್, ಅಂದರೆ 31.1 ಗ್ರಾಂ, 99.99% ಬೆಳ್ಳಿ, ಮುಖಬೆಲೆ 5 ಡಾಲರ್. ಚಿತ್ರ ಬರೆದವರು ಎಮಿಲಿ ಡಾಮ್‌ಸ್ಟ್ರಾ. ಪ್ರಾಣಿ ಪಕ್ಷಿಗಳನ್ನು ಅಧ್ಯಯನದ ಶಿಸ್ತಿನಿಂದ ಚಿತ್ರಿಸುವ ಕಲಾವಿದೆ. ಕೆತ್ತನೆಯ ದೃಷ್ಟಿಯಿಂದ ನಾಲ್ಕೂ ಸೊಗಸು. ಆದರೆ ಒಂದೊಂದರ ಮಿತಿ 10 ಲಕ್ಷ ನಾಣ್ಯ, ಮಾರಾಟ ಬೆಳ್ಳಿ ದರದ ಆಸುಪಾಸಿನಲ್ಲಿ. ಇವು ಯಾವ ಘಟನೆಯ ನೆನಪಿಗೂ ಬಂದವಲ್ಲ, ಬೆಳ್ಳಿಯಲ್ಲಿ ಹಣ ಹೂಡುವವರಿಗಾಗಿ ಬಂದ ಬುಲಿಯನ್. 1986ರಿಂದ ಬರುತ್ತಿರುವ 'ಅಮೆರಿಕನ್ ಸಿಲ್ವರ್ ಈಗಲ್' ಕೂಡ ಇದೇ ಜಾತಿಯದು. 2021ರ ನಡುವೆ ಅದರ ಹಿಂಬದಿಗೆ ಬಂದ, ಓಕ್ ಕೊಂಬೆ ಹಿಡಿದು ಇಳಿಯುವ ಹದ್ದನ್ನೂ ಡಾಮ್‌ಸ್ಟ್ರಾ ಅವರೇ ಬರೆದಿದ್ದಾರೆ. ಮೆಕ್ಸಿಕೊ 1982ರಿಂದ ಅಚ್ಚು ಹಾಕುತ್ತಿರುವ 'ಲಿಬರ್ತಾದ್' ಬೆಳ್ಳಿ ನಾಣ್ಯದಲ್ಲಿ ಕಳ್ಳಿಗಿಡದ ಮೇಲೆ ಕೂತು ಹಾವನ್ನು ಕಚ್ಚಿದ ಹದ್ದು ಇದೆ. ಅದಕ್ಕೆ ಮುಖಬೆಲೆಯೇ ಇಲ್ಲ. ಇವನ್ನೆಲ್ಲ ಕೊಳ್ಳಬಾರದು ಎಂದಲ್ಲ. ಬೆಳ್ಳಿಯ ಬೆಲೆಗೆ ಹತ್ತಿರವಾಗಿ ಸಿಕ್ಕರೆ ಧಾರಾಳವಾಗಿ ಕೊಳ್ಳಬಹುದು. ಸ್ಮರಣಾರ್ಥ ನಾಣ್ಯದ ಬೆಲೆ ಕೊಟ್ಟು ಬುಲಿಯನ್ ತರಬಾರದು, ಅಷ್ಟೇ.

ಇನ್ನೊಂದು ಬಗೆ, ಹದ್ದು ಹಕ್ಕಿಯಾಗಿ ಅಲ್ಲ, ಪ್ರಭುತ್ವದ ಮುದ್ರೆಯಾಗಿ ಬಂದದ್ದು. ಇದಕ್ಕೆ ಬಹಳ ಹಳೆಯ ಪರಂಪರೆಯಿದೆ. ಗುಪ್ತರ ಇಮ್ಮಡಿ ಚಂದ್ರಗುಪ್ತ ಪಶ್ಚಿಮ ಕ್ಷತ್ರಪರನ್ನು ಸೋಲಿಸಿದ ಮೇಲೆ ಅವರ ಬೆಳ್ಳಿ ನಾಣ್ಯದ ಮಾದರಿಯನ್ನೇ ಉಳಿಸಿಕೊಂಡು, ಹಿಂಬದಿಯಲ್ಲಿದ್ದ ಬೆಟ್ಟದ ಚಿಹ್ನೆಯ ಜಾಗದಲ್ಲಿ ಗರುಡನನ್ನು ಕೂರಿಸಿದ. ಸಂತೆಯಲ್ಲಿ ಜನ ನಂಬಿದ ನಾಣ್ಯದ ಆಕಾರ ಬದಲಾಗಲಿಲ್ಲ, ಒಡೆಯ ಬದಲಾದದ್ದು ಮಾತ್ರ ಎಲ್ಲರಿಗೂ ತಿಳಿಯಿತು. ಆಸ್ಟ್ರಿಯದ ಮಾರಿಯಾ ತೆರೇಸಾ ತಾಲರ್ ನಾಣ್ಯದ ಎರಡು ತಲೆಯ ಹದ್ದನ್ನು ಕಂಡರೆ ಕನ್ನಡಿಗರಿಗೆ ತಟ್ಟನೆ ನೆನಪಾಗುವುದು ನಮ್ಮ ರಾಜ್ಯ ಲಾಂಛನದ ಗಂಡಭೇರುಂಡ. ಆದರೆ ಅದು ಹಾಬ್ಸ್‌ಬರ್ಗ್ ಮನೆತನದ ಮುದ್ರೆ, ಇದು ವಿಜಯನಗರದ ಅಚ್ಯುತರಾಯನ ಚಿನ್ನದ ನಾಣ್ಯಗಳಲ್ಲೂ ಕಾಣುವ ಬೇರೆಯದೇ ಪರಂಪರೆ. ಆ ತಾಲರ್ ಮೇಲೆ ಇರುವ 1780 ಎಂಬ ಇಸವಿಯನ್ನೂ ನಂಬುವಂತಿಲ್ಲ. ರಾಣಿ ತೀರಿಕೊಂಡ ವರ್ಷವನ್ನೇ ಹಾಕಿ ಅದನ್ನು ಇಪ್ಪತ್ತನೇ ಶತಮಾನದವರೆಗೂ ಹಲವು ಟಂಕಸಾಲೆಗಳು ಅಚ್ಚು ಹಾಕಿವೆ. ಮುದ್ರೆಯ ಹದ್ದು ಎಷ್ಟು ಸೂಕ್ಷ್ಮ ರಾಜಕೀಯ ಎಂಬುದಕ್ಕೆ ಪೀಸ್ ಡಾಲರಿನ ಕತೆಯೇ ಸಾಕ್ಷಿ. ಅದರ ಮೂಲ ವಿನ್ಯಾಸದಲ್ಲಿ ಹದ್ದು ಮುರಿದ ಕತ್ತಿಯ ಮೇಲೆ ನಿಂತಿತ್ತು. ಮುರಿದ ಕತ್ತಿ ಸೋಲಿನ ಗುರುತು ಎಂದು ಪತ್ರಿಕೆಗಳಲ್ಲಿ ಟೀಕೆ ಎದ್ದಿತು. 1921ರ ಡಿಸೆಂಬರಿನಲ್ಲಿ, ಅಚ್ಚು ಹಾಕಲು ದಿನಗಳಷ್ಟೇ ಉಳಿದಿರುವಾಗ, ಟಂಕಸಾಲೆಯ ಮುಖ್ಯ ಕೆತ್ತನೆಗಾರ ಜಾರ್ಜ್ ಮಾರ್ಗನ್ ಆ ಕತ್ತಿಯನ್ನು ಅಚ್ಚಿನಿಂದಲೇ ಅಳಿಸಿದರು. ಇಂಥ ನಾಣ್ಯಕ್ಕೆ ಬೆಳ್ಳಿಯ ಮೇಲೆ ಹೆಚ್ಚು ಕೊಡುವುದರಲ್ಲಿ ಅರ್ಥವಿದೆ. ಅಲ್ಲಿ ಹಕ್ಕಿಗಿಂತ ಕಾಲ ಮಾತಾಡುತ್ತದೆ.

ಮೂರನೇ ಬಗೆಯೇ ಅಪರೂಪದ್ದು: ಹಕ್ಕಿ ಹಕ್ಕಿಯಾಗಿಯೇ, ತನ್ನದೇ ಕಾರಣಕ್ಕೆ ಬಂದದ್ದು. 2008ರ ಬಾಲ್ಡ್ ಈಗಲ್ ಡಾಲರ್ ಇದಕ್ಕೆ ಒಳ್ಳೆಯ ಉದಾಹರಣೆ. ಅಮೆರಿಕದ ರಾಷ್ಟ್ರಲಾಂಛನವಾದ ಈ ಹದ್ದು ಡಿಡಿಟಿ ಎಂಬ ಕೀಟನಾಶಕದಿಂದ ನಾಶದ ಅಂಚಿಗೆ ಹೋಗಿತ್ತು. ವಿಷ ಮೀನಿನ ಮೂಲಕ ಹದ್ದಿನ ಮೈಸೇರಿ ಮೊಟ್ಟೆಯ ಚಿಪ್ಪು ತೆಳುವಾಗುತ್ತಿತ್ತು, ಕಾವಿಗೆ ಕೂತ ತಾಯಿಯ ಭಾರಕ್ಕೇ ಒಡೆಯುತ್ತಿತ್ತು. 1963ರಲ್ಲಿ ಅಲಾಸ್ಕ ಮತ್ತು ಹವಾಯಿ ಬಿಟ್ಟು ಉಳಿದ 48 ರಾಜ್ಯಗಳಲ್ಲಿ ಗೂಡು ಕಟ್ಟುತ್ತಿದ್ದ ಜೋಡಿಗಳು ಸುಮಾರು 400 ಮಾತ್ರ. 1972ರಲ್ಲಿ ಡಿಡಿಟಿ ನಿಷೇಧವಾಯಿತು, 1973ರಲ್ಲಿ ಅಳಿವಿನಂಚಿನ ಪ್ರಭೇದಗಳ ಕಾಯ್ದೆ ಬಂತು. 2007ರಲ್ಲಿ ಈ ಹದ್ದನ್ನು ಅಪಾಯದ ಪಟ್ಟಿಯಿಂದ ಕೈಬಿಡುವ ಹೊತ್ತಿಗೆ ಜೋಡಿಗಳ ಸಂಖ್ಯೆ 9,700 ದಾಟಿತ್ತು. ಆ ಚೇತರಿಕೆಯ ಮತ್ತು ಕಾಯ್ದೆಯ 35ನೇ ವರ್ಷದ ನೆನಪಿಗೆ ನಾಣ್ಯ ಬಂತು. ಅದನ್ನು ಹೊರಡಿಸಲು 2004ರಲ್ಲೇ ಪ್ರತ್ಯೇಕ ಕಾನೂನು ಆಗಿತ್ತು. ಬೆಳ್ಳಿ ಡಾಲರಿಗೆ 5 ಲಕ್ಷದ ಮಿತಿ, ಜೊತೆಗೆ ಪ್ರತಿ ಡಾಲರ್ ನಾಣ್ಯದ ಬೆಲೆಯಲ್ಲಿ 10 ಡಾಲರ್ ಹದ್ದಿನ ಸಂರಕ್ಷಣೆಗಾಗಿ ಟೆನೆಸಿಯ 'ಅಮೆರಿಕನ್ ಈಗಲ್ ಫೌಂಡೇಶನ್'ಗೆ ಸಲ್ಲಬೇಕು ಎಂದು ಆ ಕಾನೂನೇ ಹೇಳಿತ್ತು. ನಾಣ್ಯದ ಎರಡು ಬದಿಗಳನ್ನು ತಿರುಗಿಸಿ ನೋಡಿದರೆ ಈ ಲೇಖನದ ವಾದವೆಲ್ಲ ಅಲ್ಲೇ ಇದೆ. ಮುಂಬದಿಯಲ್ಲಿ ಹಾರುತ್ತಿರುವ ಹದ್ದು: ಗರಿಗಳ ಸಾಲು, ಕೊಕ್ಕಿನ ಬಾಗು, ರೆಕ್ಕೆಯ ತುದಿಯಲ್ಲಿ ಬೆರಳಿನಂತೆ ಬಿಡಿಬಿಡಿಯಾದ ದೊಡ್ಡ ಗರಿಗಳು. ಹಿಂಬದಿಯಲ್ಲಿ 1782ರಿಂದ 1841ರವರೆಗೆ ಬಳಕೆಯಲ್ಲಿದ್ದ ಮೊದಲ ರಾಷ್ಟ್ರಮುದ್ರೆಯ ಪ್ರತಿ: ಎದೆಗೆ ಗುರಾಣಿ, ಒಂದು ಕಾಲಲ್ಲಿ ಆಲಿವ್ ಕೊಂಬೆ, ಇನ್ನೊಂದರಲ್ಲಿ ಬಾಣಗಳ ಕಟ್ಟು. ಒಂದು ಬದಿಯದು ಪ್ರಾಣಿ, ಇನ್ನೊಂದು ಬದಿಯದು ಪ್ರಭುತ್ವ.

ಇದಕ್ಕಿಂತ ಮೂರು ದಶಕ ಮೊದಲು ಮಾರಿಷಸ್ ಇನ್ನೂ ದಿಟ್ಟ ಕೆಲಸ ಮಾಡಿತ್ತು. ವಿಶ್ವ ವನ್ಯಜೀವಿ ನಿಧಿ ಮತ್ತು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಜೊತೆಗೂಡಿ ಹಲವು ದೇಶಗಳು 1970ರ ದಶಕದಲ್ಲಿ ತಂದ ಸಂರಕ್ಷಣಾ ನಾಣ್ಯಮಾಲೆಯಲ್ಲಿ, 1975ರ ಮಾರಿಷಸ್ 50 ರೂಪಾಯಿ ಬೆಳ್ಳಿ ನಾಣ್ಯಕ್ಕೆ ಆರಿಸಿದ್ದು ಮಾರಿಷಸ್ ಕೆಸ್ಟ್ರೆಲ್ ಎಂಬ ಪುಟ್ಟ ಬೇಟೆಹಕ್ಕಿಯನ್ನು. ಅದರ ಹಿಂದಿನ ವರ್ಷ ಕಾಡಿನಲ್ಲಿ ಇದ್ದುದಾಗಿ ತಿಳಿದಿದ್ದ ಕೆಸ್ಟ್ರೆಲ್‌ಗಳು ಕೇವಲ 4. ಕಾಡು ಕಡಿದದ್ದು, ಮಲೇರಿಯಾ ತಡೆಗೆ ಡಿಡಿಟಿ ಸಿಂಪಡಿಸಿದ್ದು, ಹೊರಗಿನಿಂದ ತಂದು ಬಿಟ್ಟ ಮುಂಗುಸಿ ಮತ್ತು ಬೆಕ್ಕುಗಳು, ಎಲ್ಲ ಸೇರಿ ಅದನ್ನು ಆ ಗತಿಗೆ ತಂದಿದ್ದವು. ಅಮೆರಿಕದ ನಾಣ್ಯ ಗೆಲುವಿನ ನೆನಪಾದರೆ ಮಾರಿಷಸ್‌ನದು ಗೆಲುವಿನ ಭರವಸೆಯೇ ಇಲ್ಲದ ಹೊತ್ತಿನ ಎಚ್ಚರಿಕೆ. ಮುಂದೆ ಜೀವವಿಜ್ಞಾನಿ ಕಾರ್ಲ್ ಜೋನ್ಸ್ ಮತ್ತು ಸಂಗಡಿಗರು ಮೊಟ್ಟೆಗಳನ್ನು ತೆಗೆದು ಮರಿ ಮಾಡಿಸಿ, ಕೈಯಾರೆ ಸಾಕಿ ಕಾಡಿಗೆ ಬಿಟ್ಟು ಸಂಖ್ಯೆಯನ್ನು ನೂರುಗಳಿಗೆ ಏರಿಸಿದರು. ಈ ನಾಣ್ಯ ಕೊಳ್ಳುವವರೂ ಮೊದಲ ಪ್ರಶ್ನೆಯನ್ನು ಮರೆಯಬಾರದು: ಪ್ರೂಫ್ ಆವೃತ್ತಿಯಲ್ಲಿ ಬೆಳ್ಳಿ 92.5%, ಸಾಮಾನ್ಯ ಆವೃತ್ತಿಯಲ್ಲಿ 50%. ಹಕ್ಕಿ, ಇಸವಿ, ಮುಖಬೆಲೆ ಎಲ್ಲ ಒಂದೇ.

ಮೂರನೇ ಪ್ರಶ್ನೆ: ಇದು ನಿಜಕ್ಕೂ ಯಾವ ಹಕ್ಕಿ?

ಬೆಳ್ಳಿಗೆ ಬಣ್ಣವಿಲ್ಲ. ಬಾಲ್ಡ್ ಈಗಲ್‌ನ ಬಿಳಿ ತಲೆಯನ್ನೂ ಕಂದು ಮೈಯನ್ನೂ ಒಂದೇ ಲೋಹದಲ್ಲಿ ಹೇಳಬೇಕು. ಹಾಗಾಗಿ ಕೆತ್ತುವವರಿಗೆ ಹಕ್ಕಿ ಗೊತ್ತಿದೆಯೋ ಇಲ್ಲವೋ ಎಂಬುದು ಅಂಗಾಂಗಗಳಲ್ಲಿ ಬಯಲಾಗುತ್ತದೆ. ಭೂತಗನ್ನಡಿ ಹಿಡಿದು ಕಾಲು ನೋಡಿ: ಗೋಲ್ಡನ್ ಈಗಲ್‌ಗೆ ಬೆರಳಿನವರೆಗೂ ಗರಿ ಇರುತ್ತದೆ, ಬಾಲ್ಡ್ ಈಗಲ್‌ನ ಕಾಲಿನ ಕೆಳಭಾಗ ಬರಿದು. ಪೆರಿಗ್ರೀನ್ ಆದರೆ ಕೆನ್ನೆಯ ಮೇಲೆ ಮೀಸೆಯಂಥ ಪಟ್ಟೆ, ಉದ್ದನೆಯ ಚೂಪು ರೆಕ್ಕೆ, ಮೇಲ್ಕೊಕ್ಕಿನ ಅಂಚಿನಲ್ಲಿ ಬೇಟೆಯ ಕತ್ತು ಮುರಿಯುವ ಹಲ್ಲಿನಂಥ ಮೊನೆ. ಗೂಬೆಗಾದರೆ ಎರಡೂ ಕಣ್ಣು ಮುಂದಕ್ಕೆ, ಕೊಂಬಿನ ಗೂಬೆಗೆ ತಲೆಯ ಮೇಲೆ ಗರಿಗಳ ಕುಚ್ಚು. ಇವು ಸರಿಯಾಗಿದ್ದರೆ ಆ ನಾಣ್ಯದ ಹಿಂದೆ ಹಕ್ಕಿಯನ್ನು ಗಮನವಿಟ್ಟು ನೋಡಿದವರಿದ್ದಾರೆ. ಪ್ರಭೇದದ ಹೆಸರು ದೊಡ್ಡದಾಗಿ ಬರೆದು, ಚಿತ್ರದಲ್ಲಿ ಯಾವ ಹದ್ದಿಗೂ ಸಲ್ಲುವ ಗೊಂಬೆ ಕೂರಿಸಿದ್ದರೆ ಅದು ಮಾರಾಟದ ಸರಕು. ಮುದ್ರೆಯ ಹದ್ದಿಗೆ ಮಾತ್ರ ಈ ಪರೀಕ್ಷೆ ಸಲ್ಲದು. ಎದೆಗೆ ಗುರಾಣಿ ಕಟ್ಟಿಕೊಂಡು ಹಾರುವ ಹಕ್ಕಿಯನ್ನು ಕಾಲಿನ ಗರಿಯಿಂದ ಅಳೆಯುವುದು ನ್ಯಾಯವಲ್ಲ.

ಆಕ್ಷೇಪಗಳಿಗೆ ಉತ್ತರ

ಇಷ್ಟೆಲ್ಲ ಯಾಕೆ, ಬೆಳ್ಳಿ ಬೆಳ್ಳಿಯೇ ಅಲ್ಲವೇ ಎಂದು ಕೇಳುವವರಿದ್ದಾರೆ. ಹೂಡಿಕೆಯೇ ಉದ್ದೇಶವಾದರೆ ಅವರ ಮಾತು ನೂರಕ್ಕೆ ನೂರು ಸರಿ. ಅಂಥವರು ಹಕ್ಕಿಯ ಗೊಡವೆಗೇ ಹೋಗದೆ ಗ್ರಾಂ ಲೆಕ್ಕದಲ್ಲಿ ಗಟ್ಟಿ ಬೆಳ್ಳಿ ಕೊಳ್ಳಲಿ. ತೊಂದರೆ ಇರುವುದು ಹೂಡಿಕೆಯ ಆಸೆಯಲ್ಲಿ ಸಂಗ್ರಹದ ಬೆಲೆ ತೆರುವವರದು. ಎರಡನೇ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ಸಂರಕ್ಷಣೆಯ ಹೆಸರೂ ಒಂದು ಮಾರಾಟದ ತಂತ್ರವಲ್ಲವೇ? ಹೌದು, ಹಲವು ಸಲ ತಂತ್ರವೇ. ನಿಯುವೆ, ಕುಕ್ ದ್ವೀಪಗಳಂಥ ಪುಟ್ಟ ದೇಶಗಳ ಹೆಸರಿನಲ್ಲಿ ಬೇರೆಲ್ಲೋ ಅಚ್ಚಾಗಿ, ಆ ದ್ವೀಪದ ಅಂಗಡಿಯನ್ನು ಒಮ್ಮೆಯೂ ಕಾಣದ ನಾಣ್ಯಗಳು ಎಷ್ಟೋ ಇವೆ; ಕಾನೂನಿನ ಪ್ರಕಾರ ಅವು ನಾಣ್ಯವೇ. ಆದರೆ ತಂತ್ರವನ್ನೂ ನಿಜವನ್ನೂ ಬೇರ್ಪಡಿಸಲು ಸುಲಭದ ದಾರಿಯಿದೆ. ಹಣದ ಪಾಲು ಎಷ್ಟು, ಯಾರಿಗೆ ಎಂದು ಕಾನೂನಿನಲ್ಲೋ ಟಂಕಸಾಲೆಯ ಪ್ರಕಟಣೆಯಲ್ಲೋ ಬರೆದಿದೆಯೇ ನೋಡಿ. 2008ರ ಡಾಲರಿನಲ್ಲಿ ಬರೆದಿತ್ತು. ಬರೆದಿಲ್ಲದಿದ್ದರೆ 'ಸಂರಕ್ಷಣೆ' ಎಂಬ ಮಾತಿಗೆ ಹೆಚ್ಚುವರಿ ಹಣ ಕೊಡಬೇಕಿಲ್ಲ.

ಮಿತಿ ಹಾಕಿ ಅಚ್ಚು ಹಾಕಿದ್ದಾರೆ, ಮುಂದೆ ಬೆಲೆ ಏರಿಯೇ ಏರುತ್ತದೆ ಎಂಬ ವಾದ ಮೂರನೆಯದು. ಮಿತಿ ಎಂಬುದು ಟಂಕಸಾಲೆ ಹಾಕಿಕೊಂಡ ಗರಿಷ್ಠ ಸಂಖ್ಯೆ, ಬೇಡಿಕೆಯ ಅಳತೆಯಲ್ಲ. 5 ಲಕ್ಷವಾಗಲಿ 10 ಲಕ್ಷವಾಗಲಿ ಅಪರೂಪವೂ ಅಲ್ಲ. ಅಲ್ಲದೆ ಸಂಗ್ರಾಹಕರಿಗೆಂದು ಬಂದ ನಾಣ್ಯಗಳನ್ನು ಯಾರೂ ಖರ್ಚು ಮಾಡುವುದಿಲ್ಲ, ಕರಗಿಸುವುದೂ ಕಡಿಮೆ. ಡಬ್ಬಿ ಸಮೇತ ಜೋಪಾನವಾಗಿ ಉಳಿದಿರುತ್ತವೆ. ಜನರ ಕೈಯಲ್ಲಿ ಸವೆದು, ಕರಗಿ, ಕಳೆದು ಉಳಿದ ಹಳೆಯ ನಾಣ್ಯದ ಅಭಾವ ಇವಕ್ಕೆ ಬರುವುದು ಕಷ್ಟ. ಏರುವ ಬೆಲೆಯ ಭರವಸೆ ಕೊಟ್ಟು ಮಾರುವವರನ್ನು ದೂರವಿಡುವುದೇ ಒಳ್ಳೆಯದು.

ಪರೀಕ್ಷೆ ಮತ್ತು ಜೋಪಾನ

ಹದ್ದಿನ ನಾಣ್ಯಗಳಿಗೆ ನಕಲಿಗಳ ಕಾಟ ಹೆಚ್ಚು. ಮೊದಲು ತೂಕ ಮತ್ತು ಅಗಲವನ್ನು ಟಂಕಸಾಲೆ ಪ್ರಕಟಿಸಿದ ಅಂಕಿಗಳೊಂದಿಗೆ ಹೋಲಿಸಿ. ಗ್ರಾಮಿನ ನೂರನೇ ಭಾಗ ತೋರಿಸುವ ಪುಟ್ಟ ತಕ್ಕಡಿ ಸಾಕು. ಸಿಲ್ವರ್ ಈಗಲ್ ಆದರೆ 31.1 ಗ್ರಾಂ, 40.6 ಮಿಲಿಮೀಟರ್ ಇರಬೇಕು. ಎರಡರಲ್ಲಿ ಒಂದು ಸರಿಯಿದ್ದು ಇನ್ನೊಂದು ತಪ್ಪಿದ್ದರೆ ನಕಲಿ ಎಂದು ಅನುಮಾನಿಸಿ. ಅಯಸ್ಕಾಂತಕ್ಕೆ ಬೆಳ್ಳಿ ಅಂಟುವುದಿಲ್ಲ. ಅಂಟಿದರೆ ನಕಲಿ, ಆದರೆ ಅಂಟದಿದ್ದ ಮಾತ್ರಕ್ಕೆ ಅಸಲಿಯೂ ಅಲ್ಲ, ತಾಮ್ರವೂ ಅಂಟುವುದಿಲ್ಲ. 2021ರ ಹೊಸ ವಿನ್ಯಾಸದ ಸಿಲ್ವರ್ ಈಗಲ್ ಅಂಚಿನ ಗೀರುಗಳ ಸಾಲಿನಲ್ಲಿ ನಕಲಿ ತಡೆಗೆಂದೇ ಒಂದು ಕಡೆ ಗೀರು ಹಾಕದೆ ಖಾಲಿ ಬಿಟ್ಟಿದ್ದಾರೆ, ಆ ಖಾಲಿ ಜಾಗವನ್ನು ಹುಡುಕಿ. ಮುಖಬೆಲೆ, ದೇಶದ ಹೆಸರು ಎರಡೂ ಇಲ್ಲದಿದ್ದರೆ ಅದು ಖಾಸಗಿ ಬಿಲ್ಲೆ. ಅಕ್ಷಯ ತೃತೀಯಕ್ಕೆ ಆಭರಣದಂಗಡಿಯಲ್ಲಿ ಸಿಗುವ ಲಕ್ಷ್ಮಿಯ ಬಿಲ್ಲೆಯ ಜಾತಿಗೆ ಸೇರಿದ್ದು. ವಿದೇಶದಿಂದ ತರಿಸುವುದಾದರೆ ಆಮದು ನಿಯಮ, ಸುಂಕ, ಸಾಗಣೆ ವೆಚ್ಚ ಎಲ್ಲವನ್ನೂ ಸೇರಿಸಿ ಒಟ್ಟು ಬೆಲೆ ಮೊದಲೇ ಕೇಳಿಕೊಳ್ಳಿ; ಇಲ್ಲದಿದ್ದರೆ ನಾಣ್ಯಕ್ಕಿಂತ ದಾರಿಖರ್ಚು ಹೆಚ್ಚಾದೀತು.

ಕೈಗೆ ಬಂದ ಮೇಲೆ ತೊಳೆಯುವ ಆಸೆಯನ್ನು ಬಿಟ್ಟುಬಿಡಿ. ಗಾಳಿಯಲ್ಲಿನ ಗಂಧಕದ ಅಂಶ ತಾಗಿ ಬೆಳ್ಳಿ ಕಪ್ಪಾಗುವುದು ಸಹಜ. ಪೂಜೆಯ ತಟ್ಟೆಗೆ ಹಚ್ಚುವ ವಿಭೂತಿ, ಹುಣಸೆಹಣ್ಣು, ಟೂತ್‌ಪೇಸ್ಟ್ ನಾಣ್ಯಕ್ಕೆ ಹಚ್ಚಿದರೆ ಕನ್ನಡಿಯಂಥ ಪ್ರೂಫ್ ಮೈಮೇಲೆ ಸಾವಿರ ಗೀರು ಬೀಳುತ್ತವೆ, ಸಂಗ್ರಾಹಕರ ಬೆಲೆ ಆ ಕ್ಷಣವೇ ಹೋಗುತ್ತದೆ. ಪಿವಿಸಿ ಚೀಲಗಳೂ ಬೇಡ. ಕಾಲಕ್ರಮೇಣ ಅವುಗಳಿಂದ ಹಸಿರು ಜಿಡ್ಡು ಬಿಡುತ್ತದೆ. ನಾಣ್ಯಕ್ಕೆ ಸರಿಹೊಂದುವ ಗಟ್ಟಿ ಪ್ಲಾಸ್ಟಿಕ್ ಕ್ಯಾಪ್ಸೂಲ್‌ನಲ್ಲಿ, ಒಣ ಜಾಗದಲ್ಲಿಡಿ. ಹಿಡಿಯುವುದಾದರೆ ಅಂಚಿನಲ್ಲಿ ಮಾತ್ರ. ಮೂಲ ಡಬ್ಬಿ ಮತ್ತು ಪ್ರಮಾಣಪತ್ರವನ್ನು ಎಸೆಯಬೇಡಿ. ಮುಂದೆ ಮಾರುವಾಗ ಅವೂ ಬೇಕಾಗುತ್ತವೆ.

ಮೂರು ಪ್ರಶ್ನೆಗಳ ಈ ಅಳತೆಗೋಲು ವಿದೇಶಿ ನಾಣ್ಯಗಳಿಗಷ್ಟೇ ಮೀಸಲಲ್ಲ. ಹುಲಿ ಯೋಜನೆಯ 50 ವರ್ಷದ ನೆನಪಿನ 50 ರೂಪಾಯಿ ನಾಣ್ಯ 2023ರ ಏಪ್ರಿಲ್‌ನಲ್ಲಿ ಬಿಡುಗಡೆಯಾದದ್ದು ಮೈಸೂರಿನಲ್ಲೇ. ಹುಲಿಯಂತೆ ರಣಹದ್ದಿಗೂ ನಮ್ಮಲ್ಲೊಂದು ಕತೆಯಿದೆ. ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ಧಾಮವಾಯಿತು. ಹಸುಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಔಷಧವೇ ರಣಹದ್ದುಗಳನ್ನು ಕೊಂದದ್ದು ಎಂದು ತಿಳಿದ ಮೇಲೆ 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಲಾಯಿತು. ಬೆಳ್ಳಿಯ ಮೇಲೆ ಬರಲು ಇದಕ್ಕಿಂತ ಗಟ್ಟಿ ಕಾರಣ ಯಾವ ಬೇಟೆಹಕ್ಕಿಗೂ ಬೇಕಿಲ್ಲ, ಸರಕಾರ ಯೋಚಿಸಬೇಕು. ಅಂಥ ನಾಣ್ಯ ಬಂದರೂ ಓದುಗರು ಅದೇ ಮೂರು ಪ್ರಶ್ನೆ ಕೇಳಲಿ. ಕೊಳ್ಳುವ ಮುನ್ನ 'ಈ ಹಕ್ಕಿ ಈ ನಾಣ್ಯದ ಮೇಲೆ ಬಂದದ್ದು ಇದಕ್ಕಾಗಿ' ಎಂದು ಒಂದೇ ವಾಕ್ಯದಲ್ಲಿ ಹೇಳಲು ಸಾಧ್ಯವಾದರೆ ಹೆಚ್ಚಿನ ಬೆಲೆ ಕೊಡಿ. ಸಾಧ್ಯವಾಗದಿದ್ದರೆ ಬೆಳ್ಳಿಯ ತೂಕಕ್ಕೆ ಎಷ್ಟೋ ಅಷ್ಟೇ ಕೊಡಿ.